ಬಸ್ಸಿನ ಬೆನ್ನ ಮೇಲಿರುವ ನನ್ನ ಗಂಡನ ನಗು

ಬಸ್ಸನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಿಲ್ಲಿಸಬಾರದು ಎಂದು ತೀರ್ಮಾನಿಸುವ ಮಾನ್ಯರೇ,

ನನ್ನ ಗಂಡ ದಿನಾ ಬೆಳಿಗ್ಗೆ ನನ್ನನ್ನು ರಸ್ತೆಯಲ್ಲಿ ಬಿಟ್ಟು ಹೋಗುತ್ತಾರೆ. ನಮ್ಮಿಬ್ಬರಿಗೆ ಜಗಳವಿಲ್ಲ, ಮನಸ್ತಾಪವಿಲ್ಲ, ಹಿಂದಿನ ದಿನ ಒಂದೇ ಸಾರಿನಲ್ಲಿ ಮುದ್ದೆ ಮುರಿದಿರುತ್ತೇವೆ. ಆದರೂ ಬೆಳಿಗ್ಗೆ ನಾನು ಹೊಂಗೆಮರದ ಕೆಳಗೆ ಊಟದ ಡಬ್ಬಿ ಹಿಡಿದು ನಿಂತಿರುವಾಗ, ಅವರು ತಿ. ನರಸೀಪುರದ ಕಡೆಯಿಂದ ನಿಮ್ಮ ಬಸ್ಸನ್ನು ತಂದು, ನನ್ನ ಮುಂದೆಯೇ ನಂಜನಗೂಡಿನ ಕಡೆಗೆ ಓಡಿಸಿಕೊಂಡು ಹೋಗಿಬಿಡುತ್ತಾರೆ. ಬಸ್ಸು ದಾಟಿದ ಮೇಲೆ ಅದರ ಬೆನ್ನು ಕಾಣುತ್ತದೆ. ಆ ಬೆನ್ನ ತುಂಬ ಅವರದೇ ಫೋಟೋ. ಕೈಮುಗಿದುಕೊಂಡು, ಹಲ್ಲು ಕಾಣುವ ಹಾಗೆ ನಗುತ್ತಿದ್ದಾರೆ. ಪಕ್ಕದಲ್ಲಿ ಹಸಿರು ಅಕ್ಷರ: ‘ನಾನು ಪರಿಸರ ಸ್ನೇಹಿ ಚಾಲಕ. ಬನ್ನಿ, ನನ್ನ ಜೊತೆ ಬಸ್ಸಿನಲ್ಲಿ ಬನ್ನಿ!’ ಬರಲೆಂದೇ ನಿಂತಿದ್ದೇವೆ ಸ್ವಾಮಿ. ನಿಲ್ಲಿಸುವುದು ಬೇಡವೇ?

ಹೊಂಗೆಮರದ ಕೋರಿಕೆ ನಿಲುಗಡೆಯನ್ನು ರದ್ದು ಮಾಡಿದ್ದೀರಿ. ಅದನ್ನು ನಮಗೆ ವಾಪಸ್ ಕೊಡಿ. ಈ ಪತ್ರದಲ್ಲಿ ನಾನು ಕೇಳುವುದು ಇಷ್ಟೇ. ಉಳಿದದ್ದೆಲ್ಲ ಯಾಕೆ ಕೇಳುತ್ತಿದ್ದೇನೆ ಎಂಬುದರ ವಿವರಣೆ, ಏಕೆಂದರೆ ನಿಮ್ಮ ಕಚೇರಿಯಲ್ಲಿ ವಿವರಣೆ ಕೊಡದೆ ಯಾರೂ ಏನನ್ನೂ ಕೇಳುವಂತಿಲ್ಲವಂತೆ.

ನನ್ನ ಹೆಸರು ರೋಜಾ. ತವರು ಬದನವಾಳು, ನಂಜನಗೂಡಿನಲ್ಲಿ ಬಿ.ಎ. ಓದಿದವಳು, ಈಗ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ನಮ್ಮ ಬೀದಿಯಿಂದ ತಾಂಡ್ಯಕ್ಕೆ ಹೋಗುವ ಹೆಂಗಸರು ನಾವು ಸುಮಾರು ಜನ ಇದ್ದೇವೆ. ನಂಜನಗೂಡು ತಲುಪಿದರೆ ಅಲ್ಲಿಂದ ತಾಂಡ್ಯಕ್ಕೆ ಗಾಡಿಗಳಿಗೆ ಬರವಿಲ್ಲ. ನಂಜನಗೂಡು ತಲುಪುವುದೇ ಈಗ ಕಷ್ಟ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಉಚಿತ ಎಂಬುದು ನಮಗೂ ಗೊತ್ತಿದೆ, ಆಧಾರ್ ಕಾರ್ಡನ್ನು ಪರ್ಸಿನಲ್ಲೇ ಇಟ್ಟುಕೊಂಡು ಓಡಾಡುತ್ತೇವೆ. ಆದರೆ ನಿಲ್ಲದ ಬಸ್ಸಿನಲ್ಲಿ ಉಚಿತವಾಗಿ ಹೋಗುವುದು ಹೇಗೆಂದು ಯಾವ ಸುತ್ತೋಲೆಯಲ್ಲೂ ಬರೆದಿಲ್ಲ.

ನನ್ನ ಗಂಡ ಮಾದೇಶ್ ಮೊದಲು ಬಸ್ಸು ಓಡಿಸುತ್ತಿರಲಿಲ್ಲ. ತಲಕಾಡಿನ ಕಡೆಯಿಂದ ಮರಳು ಲಾರಿ ಓಡಿಸುತ್ತಿದ್ದರು. ಕೈತುಂಬ ಸಂಪಾದನೆ ಇತ್ತು, ಆದರೆ ಮನೆಗೆ ಬಂದರೆ ಮಾತಿಲ್ಲ. ಒಂದು ದಿನ ಊಟಕ್ಕೆ ಕೂತವರು ತಟ್ಟೆ ಸರಿಸಿ, “ಒಳೆ ಒಟ್ಟೆ ಬಗ್ದು ಅನ್ನ ತಿನ್ನದು ನನ್ ಕೈಲಾಗಲ್ಲ ಕಣಮ್ಮಿ” ಅಂದರು. ಲಾರಿ ಬಿಟ್ಟರು. ನಿಮ್ಮ ಸಂಸ್ಥೆಯ ಪರೀಕ್ಷೆಗೆ ಹೋದರು, ಆಯ್ಕೆಯಾದರು. ಖಾಕಿ ಹಾಕಿಕೊಂಡ ಮೊದಲ ದಿನ ಅವರ ತಾಯಿ, ನಮ್ಮತ್ತೆ ಮರಿತಾಯಮ್ಮ, “ಲಾರಿಗೂ ಇದ್ಕೂ ಏನ್ಲಾ ಯತ್ವಾಸ?” ಎಂದು ಕೇಳಿದ್ದಕ್ಕೆ, “ಅದ್ರಲ್ಲಿ ಒಳೆ ತುಂಬ್ಕಂಡು ಓಯ್ತಿದ್ದೆ ಕನವ್ವ, ಇದ್ರಲ್ಲಿ ಜನ ತುಂಬ್ಕಂಡು ಓಯ್ತೀನಿ” ಅಂದರು. ಆಗ ಯಾರೂ ಅವರಿಗೆ ಪರಿಸರ ಸ್ನೇಹಿ ಅಂತ ಬಿರುದು ಕೊಟ್ಟಿರಲಿಲ್ಲ. ಆ ದಿನಗಳಲ್ಲಿ ಅವರು ನಿಜವಾಗಿಯೂ ಹಾಗಿದ್ದರು ಅಂತ ನನಗನಿಸುತ್ತದೆ.

ಅವರ ಹಾರನ್ನಿನ ವಿಷಯ ನಿಮಗೆ ಹೇಳಬೇಕು. ನಮ್ಮ ಬೀದಿ ರಸ್ತೆಯಿಂದ ಸ್ವಲ್ಪ ಒಳಗಿದೆ. ಅದಕ್ಕೂ ಮುಂಚೆ ಕಬಿನಿ ನಾಲೆಯ ಸೇತುವೆ ಬರುತ್ತದೆ. ಸೇತುವೆ ಹತ್ತುವಾಗ ಅವರು ಹಾರನ್ನನ್ನು ಒಂದು ಸಲ ಉದ್ದಕ್ಕೆ ಒತ್ತುತ್ತಿದ್ದರು. ಅದು ನಮ್ಮ ಬೀದಿಯ ಗಡಿಯಾರ. ಆ ಸದ್ದಿಗೆ ಒಲೆ ಆರಿಸುತ್ತಿದ್ದೆವು, ಜಡೆ ಹೆಣೆಯುತ್ತಿದ್ದ ಕೈ ಬೇಗ ಬೇಗ ಓಡುತ್ತಿತ್ತು. ಮೊದಲೇ ಸಿದ್ಧವಾದವರು ತಮ್ಮ ಊಟದ ಚೀಲವನ್ನು ಹೊಂಗೆಮರದ ಕೆಳಗಿನ ಕೊಂಬೆಗೆ ನೇತುಹಾಕಿ, ಮನೆಯಲ್ಲಿ ಉಳಿದ ಕೆಲಸಕ್ಕೆ ವಾಪಸ್ ಹೋಗುತ್ತಿದ್ದರು. ಡ್ರೈವರ್ ಮರದ ಕಡೆ ನೋಡಿದರೆ ಸಾಕು, ಚೀಲವಿದ್ದರೆ ಜನ ಇದ್ದಾರೆ ಅಂತ ಅರ್ಥ, ನಿಲ್ಲಿಸುತ್ತಿದ್ದರು. ಚೀಲವಿಲ್ಲದಿದ್ದರೆ ಹೋಗುತ್ತಿದ್ದರು. ಸೇತುವೆ ಇಳಿಯುವಾಗಲೇ ಕಾಲು ಹಗುರ ಮಾಡಿ, ಬ್ರೇಕು ಒತ್ತದೆ ಹಾಗೆಯೇ ಉರುಳಿಕೊಂಡು ಬಂದು ಮರದ ಬುಡದಲ್ಲಿ ನಿಲ್ಲುತ್ತಿತ್ತು ಬಸ್ಸು. ಹತ್ತುವಾಗ ಯಾರ ಮೈಯೂ ಕುಲುಕುತ್ತಿರಲಿಲ್ಲ. ಇಷ್ಟೆಲ್ಲ ನಿಲ್ಲಿಸಿಕೊಂಡೇ ಅವರು ನಿಮ್ಮ ಡಿಪೋದಲ್ಲಿ ಎಲ್ಲರಿಗಿಂತ ಕಡಿಮೆ ಡೀಸೆಲ್ ಸುಡುತ್ತಿದ್ದರು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡೀಸೆಲ್ ಉಳಿಯುತ್ತಿದೆ ಎಂದು ನಿಮ್ಮ ಗಮನಕ್ಕೆ ಬಂದದ್ದೇ ನಮ್ಮ ಗ್ರಹಚಾರವಾಯಿತು. ಈ ರಸ್ತೆಯನ್ನು ‘ಮಾದರಿ ಹಸಿರು ಮಾರ್ಗ’ ಅಂತ ಘೋಷಿಸಿದಿರಿ. ನಿಂತು ಹೊರಟರೆ ಡೀಸೆಲ್ ಖರ್ಚು, ನಿಲ್ಲದೆ ಹೋದರೆ ಉಳಿತಾಯ ಎಂದು ಯಾರೋ ನಿಮಗೆ ಹೇಳಿಕೊಟ್ಟರು. ಕೋರಿಕೆ ನಿಲುಗಡೆಗಳನ್ನೆಲ್ಲ ಕಿತ್ತುಹಾಕಿದಿರಿ. ಉಳಿತಾಯ ಇನ್ನಷ್ಟು ಏರಿತು, ಏರದೆ ಇನ್ನೇನು? ಆಮೇಲೆ ಪರಿಸರ ದಿನಾಚರಣೆಯಂದು ಅವರನ್ನು ವೇದಿಕೆಗೆ ಕರೆದು, ಕಾಲೇಜು ಮಕ್ಕಳ ಮುಂದೆ ನಿಲ್ಲಿಸಿ, “ಬಸ್ ಚಾಲನೆ ಎಂಬುದು ಇಂದಿನ ಅತ್ಯಂತ ಪರಿಸರ ಸ್ನೇಹಿ ವೃತ್ತಿ. ಯುವಕ ಯುವತಿಯರು ಈ ವೃತ್ತಿಗೆ ಬರಬೇಕು. ಇವರನ್ನು ನೋಡಿ ಕಲಿಯಿರಿ” ಎಂದು ಭಾಷಣ ಮಾಡಿದಿರಿ. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಆ ಮಾತು ನನಗೆ ಇವತ್ತಿಗೂ ಸುಳ್ಳು ಅನಿಸುವುದಿಲ್ಲ. ಬಸ್ಸಿನಲ್ಲಿ ಕೂತ ಅಷ್ಟೂ ಜನ ಒಬ್ಬೊಬ್ಬರೇ ಒಂದೊಂದು ಗಾಡಿ ಓಡಿಸುವುದನ್ನು ಒಬ್ಬ ಮನುಷ್ಯ ತನ್ನ ಎರಡು ಕೈಯಿಂದ ತಪ್ಪಿಸುತ್ತಾನಲ್ಲ, ಅದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ಶಾಲು ಹೊದಿಸಿದಿರಿ. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಗಿಡ ಕೊಟ್ಟಿರಿ. ಮನೆಗೆ ತಂದು ನೋಡಿದರೆ ಹೊಂಗೆ ಗಿಡ. ಹೊಂಗೆಮರದ ನಿಲುಗಡೆ ಕಿತ್ತುಕೊಂಡು ಹೊಂಗೆ ಗಿಡ ಕೊಡುವ ಜಾಣತನ ನಿಮ್ಮದೋ, ನಿಮ್ಮ ಕಚೇರಿಯದೋ ತಿಳಿಯದು. ಅದನ್ನು ಹಿತ್ತಲಲ್ಲಿ ನೆಟ್ಟಿದ್ದೇನೆ. ದೊಡ್ಡದಾದ ಮೇಲೆ ಅದರ ಬುಡದಲ್ಲಾದರೂ ಬಸ್ಸು ನಿಲ್ಲಿಸುತ್ತೀರಾ?

ನಿಲುಗಡೆ ರದ್ದಾದ ಮೊದಲ ಬೆಳಿಗ್ಗೆ ಏನಾಯಿತೆಂದರೆ, ಅವರು ಅಭ್ಯಾಸಬಲದಿಂದ ಸೇತುವೆಯ ಮೇಲೆ ಹಾರನ್ ಒತ್ತಿಬಿಟ್ಟರು. ಹಿಂದಿನ ದಿನವೇ ಅವರು ನಮಗೆಲ್ಲ ಬಸ್ಸು ಇನ್ನು ನಿಲ್ಲುವುದಿಲ್ಲ ಅಂತ ಹೇಳಿದ್ದರು. ನಮಗೆ ಗೊತ್ತಿತ್ತು. ಆದರೆ ಆ ಸದ್ದು ಕೇಳಿದರೆ ಕಾಲು ಕೇಳಬೇಕಲ್ಲ! ಹಾರನ್ ಆಗಿದೆ, ಅಂದಮೇಲೆ ಏನೋ ಬದಲಾಗಿರಬೇಕು ಅಂದುಕೊಂಡು ಬೀದಿಗೆ ಬೀದಿಯೇ ಓಡಿಬಂತು. ನನ್ನ ಜೊತೆ ತಾಂಡ್ಯಕ್ಕೆ ಬರುವ ಶಿವನಂಜಮ್ಮ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಓಡಿಬಂದವರು ಅಭ್ಯಾಸದಂತೆ ಕೊಂಬೆಗೆ ಚೀಲ ನೇತುಹಾಕಿದರು. ಬಸ್ಸು ಬಂತು. ನಾನು ಅವರ ಮುಖ ನೋಡಿದೆ. ಅವರು ಯಾರ ಮುಖವನ್ನೂ ನೋಡಲಿಲ್ಲ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ರಸ್ತೆಯನ್ನೇ ನೋಡುತ್ತಾ ದಾಟಿ ಹೋದರು. ಧೂಳು ಇಳಿದ ಮೇಲೆ ಶಿವನಂಜಮ್ಮ ನನ್ನ ಭುಜಕ್ಕೆ ತಟ್ಟಿ, “ಏನವ್ವ ರೋಜ, ಎಲ್ರುನೂವೆ ಕರ್ದು ನಿಲ್ಸಿ, ನಿನ್ ಗಂಡ ನಾಕಾಣೆ ಮಾತೂ ಆಡ್ದೆ ಓದ್ನಲ್ಲವ್ವ!” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ದಿನ ಮನೆಗೆ ಬಂದ ಮೇಲೆ ಅವರು, “ಕೈ ತಾನಾಗೇ ಓಯ್ತು ಕಣಮ್ಮಿ” ಅಂತ ಒಂದೇ ಮಾತು ಹೇಳಿ ಗೋಡೆಗೆ ಮುಖ ಹಾಕಿ ಮಲಗಿದರು. ನಾನು ಅವರನ್ನು ಬೈಯಬೇಕೆಂದಿದ್ದೆ, ಬೈಯಲಾಗಲಿಲ್ಲ. ಮಾರನೆಯ ದಿನದಿಂದ ಹಾರನ್ನೂ ನಿಂತಿತು. ಬಸ್ಸಿನ ಬೆನ್ನ ಮೇಲೆ ಫೋಟೋ ಬಂದದ್ದು ಅದಾದ ಮೇಲೆ.

ಈಗ ನಿಮ್ಮ ಉಳಿತಾಯದ ವಿಷಯಕ್ಕೆ ಬರೋಣ. ಬಸ್ಸು ನಮ್ಮನ್ನು ಬಿಟ್ಟು ಹೋದರೆ ನಾವು ಮನೆಯಲ್ಲಿ ಕೂರುತ್ತೇವೆಂದು ತಿಳಿದಿರೇ? ನಮ್ಮ ಬೀದಿಯ ಚಿಕ್ಕಮಾದು ಸಾಲ ಮಾಡಿ ಬೈಕು ತಂದ. ಅವನ ಪಕ್ಕದ ಮನೆಯವರೂ ತಂದರು. ನಾವು ಹೆಂಗಸರು ಗೂಡ್ಸ್ ಆಟೋದ ಹಿಂದೆ ಟೊಮೇಟೊ ಕ್ರೇಟುಗಳ ಜೊತೆ ನಿಂತುಕೊಂಡು ಹೋಗುತ್ತೇವೆ, ಅದರ ಹೊಗೆ ಕುಡಿದುಕೊಂಡು. ನಿಮ್ಮ ಮಾದರಿ ಚಾಲಕರು ಸ್ವತಃ ಮುಂಜಾನೆ ಡ್ಯೂಟಿಗೆ ಹೋಗಲು ನಮ್ಮೂರಲ್ಲಿ ಬಸ್ಸು ನಿಲ್ಲದ ಕಾರಣ ಚಿಕ್ಕಮಾದುವಿನ ಬೈಕಿನ ಹಿಂದೆ ಕೂತು ಹೋಗುತ್ತಾರೆ. ಪರಿಸರ ಸ್ನೇಹಿ ಚಾಲಕ ಪೆಟ್ರೋಲು ಸುಟ್ಟುಕೊಂಡು ಹೋಗಿ, ಡೀಸೆಲ್ ಉಳಿಸುವ ಬಸ್ಸನ್ನು ಹತ್ತುತ್ತಾರೆ! ಈ ಗಾಡಿಗಳ ಹೊಗೆ ನಿಮ್ಮ ಲೆಕ್ಕದಲ್ಲಿ ಬರುವುದಿಲ್ಲ, ಏಕೆಂದರೆ ಅವು ನಿಮ್ಮ ಡಿಪೋದ ಗಾಡಿಗಳಲ್ಲ. ಹೀಗೇ ಆದರೆ ಖಾಲಿ ಬಸ್ಸಿಗೆ ಇನ್ನೂ ಹೆಚ್ಚು ಉಳಿತಾಯ. ಡಿಪೋದಿಂದ ಹೊರಗೇ ಬರದ ಬಸ್ಸಿಗೆ ನೀವು ರಾಜ್ಯ ಪ್ರಶಸ್ತಿಯನ್ನೇ ಕೊಡಿಸಬಹುದು.

ಇದನ್ನೆಲ್ಲ ಅವರೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೇಳಿದರು ಸ್ವಾಮಿ. ನಿಮ್ಮ ಕಚೇರಿಗೆ ಹೋಗಿ ಕೈಕಟ್ಟಿ ನಿಂತು, “ಸಾ, ಒಂಗೆಮರದಲ್ಲಿ ನಿಲ್ಸಕ್ಕೆ ಒಂದ್ ಅಪ್ಪಣೆ ಕೊಡಿ ಸಾ. ನಿಲ್ಸುದ್ರೂ ನಾನು ಡೀಸೆಲ್ ಉಳಿಸ್ತೀನಿ” ಎಂದು ಕೇಳಿದರು. ಅಲ್ಲಿ ಕೂತಿದ್ದ ಸಾಹೇಬರು ಅವರ ವಿಳಾಸ ನೋಡಿ, “ಅದು ನಿಮ್ಮ ಊರೇ ಅಲ್ವೇನ್ರೀ? ನಿಮ್ಮ ಹೆಂಡ್ತಿ ಅಲ್ಲೇ ಹತ್ತೋದಲ್ವಾ? ಹೆಂಡ್ತಿಗೋಸ್ಕರ ಸರ್ಕಾರಿ ಬಸ್ ನಿಲ್ಲಿಸ್ತೀರಾ?” ಅಂದರಂತೆ. ಬೇರೆ ಯಾರದ್ದೋ ಹೆಂಡತಿಯಾಗಿದ್ದರೆ ಅದು ಸಾರ್ವಜನಿಕರ ಬೇಡಿಕೆಯಾಗುತ್ತಿತ್ತು. ನಾನು ಅವರ ಹೆಂಡತಿಯಾದದ್ದರಿಂದ ನಮ್ಮ ಇಡೀ ಬೀದಿ ಅವರ ಸ್ವಂತ ವ್ಯವಹಾರವಾಯಿತು. ಹಾಗಾದರೆ ಬೇರೆ ಮಾರ್ಗಕ್ಕೆ ಹಾಕಿ ಅಂತ ಕೇಳಿದರು. ಇನ್ನೊಬ್ಬ ಚಾಲಕ ಬಂದರೆ ಇನ್ನೊಬ್ಬನ ಬಾಯಲ್ಲಾದರೂ ಈ ಮಾತು ಹೇಳಿಸಬಹುದಲ್ಲ ಎಂಬ ಆಸೆ. ಮಾದರಿ ಚಾಲಕನನ್ನು ಮಾದರಿ ಮಾರ್ಗದಿಂದ ತೆಗೆಯುವಂತಿಲ್ಲ ಎಂದರು. ಕೊನೆಗೆ, ಫೋಟೋ ಆದರೂ ತೆಗೆಸಿ ಸಾ ಎಂದರು. ಅಭಿಯಾನ ಮುಗಿಯುವ ತನಕ ಅದೂ ಆಗುವುದಿಲ್ಲವಂತೆ. ಮನುಷ್ಯನನ್ನು ಕಟ್ಟಿಹಾಕಲು ಮೆಮೋ, ಅಮಾನತು ಇವೆಲ್ಲ ಬೇಕು ಅಂದುಕೊಂಡಿದ್ದೆ. ಒಂದು ಶಾಲು ಸಾಕು ಅಂತ ಈಗ ಗೊತ್ತಾಯಿತು.

ನಾವು ಸುಮ್ಮನೆ ಕೂತವರಲ್ಲ. ಎಮ್ಮೆಯ ವಿಷಯ ನಿಮಗೆ ಬೇರೆ ರೀತಿಯಲ್ಲಿ ತಲುಪಿದೆ, ನಡೆದದ್ದು ನಡೆದ ಹಾಗೆ ಹೇಳುತ್ತೇನೆ. ರಸ್ತೆಯಾಚೆ ಗದ್ದೆ ಇರುವ ಸಣ್ಣತಾಯಮ್ಮನವರು ಒಂದು ಬೆಳಿಗ್ಗೆ ತಮ್ಮ ಎಮ್ಮೆಯನ್ನು ನಾಲೆಯ ಕಡೆ ಹೊಡೆದುಕೊಂಡು ಹೋಗುತ್ತಿದ್ದರು. ಎಮ್ಮೆ ರಸ್ತೆಯ ನಡುವೆ ನಿಂತಿತು. ಬಸ್ಸು ಬಂದು ಅದರ ಮುಂದೆ ನಿಂತಿತು, ಹೊಂಗೆಮರದ ಎದುರಿಗೇ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಂಡಕ್ಟರ್ ಚೆಲುವರಾಜು ಬಾಗಿಲು ತೆಗೆದು ಆಕಾಶ ನೋಡುತ್ತಾ ನಿಂತ. ನಾವೆಲ್ಲ ಹತ್ತಿದೆವು. ಸಣ್ಣತಾಯಮ್ಮನವರು, “ನಡಿಯಮ್ಮಿ ಸಾಕು, ಎಲ್ರೂ ಅತ್ಕಂಡ್ರು” ಎಂದು ಎಮ್ಮೆಗೆ ಹೇಳಿ ದಾಟಿಸಿಕೊಂಡು ಹೋದರು. ಆ ದಿನ ಬಸ್ಸಿನಲ್ಲಿ ನಮಗಾದ ಖುಷಿ ಹೇಳತೀರದು. ನಾನು ಡ್ರೈವರ್ ಸೀಟಿನ ಹಿಂದೆಯೇ ನಿಂತಿದ್ದೆ. ಅವರು ಕನ್ನಡಿಯಲ್ಲಿ ನನ್ನನ್ನು ಒಂದು ಸಲ ನೋಡಿ, ಮೀಸೆಯೊಳಗೇ ನಕ್ಕರು. ಬಸ್ಸಿನ ಬೆನ್ನ ಮೇಲಿರುವ ನಗು ಅದಲ್ಲ. ಅದು ನಮ್ಮ ಮನೆಯದು.

ಮಾರನೆಯ ದಿನವೂ ಎಮ್ಮೆ ಬಂತು. ಅದರ ಮಾರನೆಯ ದಿನವೂ ಬಂತು. ಬಸ್ಸು ಎಲ್ಲೆಲ್ಲಿ ನಿಂತಿತೆಂದು ಲೆಕ್ಕ ಇಡುವ ಬಸ್ಸಿನೊಳಗಿನ ಯಂತ್ರ ನಿಮಗೆ ಚಾಡಿ ಹೇಳಿತು. ‘ರದ್ದಾದ ನಿಲುಗಡೆಯಲ್ಲಿ ಪದೇ ಪದೇ ವಾಹನ ನಿಂತಿರುವ ಬಗ್ಗೆ ಕಾರಣ ಕೇಳಿ’ ಅವರಿಗೆ ನೋಟಿಸು ಬಂತು. ಅವರು ಇದ್ದದ್ದನ್ನು ಇದ್ದ ಹಾಗೆ ‘ಎಮ್ಮೆ’ ಎಂದು ಉತ್ತರಿಸಿದರು. ಆ ಎಮ್ಮೆ ಚಾಲಕನ ಕುಟುಂಬದವರಿಗೆ ಸೇರಿದ್ದೇ ಎಂದು ನೀವು ಎರಡನೇ ನೋಟಿಸು ಕಳಿಸಿದಿರಿ. ಅದನ್ನು ಓದಿ ನಾವು ಬೀದಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ನಗಲಿಲ್ಲ. ಒಲೆಯ ಮುಂದೆ ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತು, “ನಾಳಿಂದ ಎಮ್ಮೆ ಬುಡ್ಬ್ಯಾಡಿ ಕಣಮ್ಮಿ. ನಿನ್ ಕೈ ಮುಗಿತೀನಿ. ನೀನ್ ಬಸ್ ಅತ್ತುದ್ರೆ ನನ್ ಕೆಲ್ಸ ಓಯ್ತದೆ” ಅಂದರು. ಹೊಳೆ ಬಗೆಯುವ ಕೆಲಸವನ್ನು ತಾನಾಗಿ ಬಿಟ್ಟುಬಂದ ಮನುಷ್ಯ ಸ್ವಾಮಿ ಅವರು. ಅವರನ್ನು ಮತ್ತೆ ಆ ಮರಳು ಲಾರಿ ಓಡಿಸಲು ಕಳಿಸಿ ಕೊಲ್ಲಲೇ? ನಾನೇ ಹೋಗಿ ಸಣ್ಣತಾಯಮ್ಮನವರಿಗೆ ಬೇಡ ಎಂದು ಹೇಳಿಬಂದೆ. “ನಿನ್ ಗಂಡುಂಗೆ ಎದ್ರುಕೊಂಡ್ಯಾ?” ಎಂದು ಕೇಳಿದರು. ಇಲ್ಲ ಅಂದೆ. “ಮತ್ತೆ ಯಾರ್ಗೆ?” ಅಂದರು. ನಿಮ್ಮ ಹೆಸರು ಗೊತ್ತಿಲ್ಲದ್ದರಿಂದ ಬಸ್ಸು ಹೋಗುವ ರಸ್ತೆಯ ಕಡೆ ಕೈ ತೋರಿಸಿ ಬಂದೆ.

ಹೀಗೆ ನಾನು ಬಸ್ಸು ಹತ್ತಿದರೆ ನನ್ನ ಗಂಡನ ಕೆಲಸ ಹೋಗುತ್ತದೆ. ಹತ್ತದಿದ್ದರೆ ನನ್ನ ಕೆಲಸ ಹೋಗುತ್ತದೆ. ಗೂಡ್ಸ್ ಆಟೋದವನಿಗೆ ಟೊಮೇಟೊ ಇದ್ದರೆ ಮಾತ್ರ ನಾವು ನೆನಪಾಗುತ್ತೇವೆ. ಕಾರ್ಖಾನೆಯ ಗೇಟಿನಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಶಿವನಂಜಮ್ಮನನ್ನು ಇನ್ನು ಬರಬೇಡ ಅಂದುಬಿಟ್ಟರು, ಅವಳು ಈಗ ಕೂಲಿಗೆ ಹೋಗುತ್ತಾಳೆ. ನನಗೂ ಕೊನೆಯ ಎಚ್ಚರಿಕೆ ಅಂತ ಹೇಳಿಯಾಗಿದೆ. ಸ್ಕೂಟರ್ ತಗೋ ಎನ್ನುತ್ತಾರೆ ಎಲ್ಲರೂ. ನಮ್ಮತ್ತೆಯೂ ಹೇಳುತ್ತಾರೆ. ತಗೊಳ್ಳಬಹುದು. ಆದರೆ ನನ್ನ ಗಂಡ ಬಸ್ಸು ಓಡಿಸುವ ರಸ್ತೆಯಲ್ಲಿ, ಅವರ ಫೋಟೋದ ಹಿಂದೆ, ನಾನು ಹೊಗೆ ಬಿಟ್ಟುಕೊಂಡು ಹೋಗುವುದೆಂದರೆ ನನಗೆ ಅಳು ಬರುತ್ತದೆ. ಕೋಪ ಬರುತ್ತದೆ ಅಂತ ಬರೆಯೋಣವೆಂದಿದ್ದೆ. ಬರುವುದು ಅಳುವೇ.

ಇಷ್ಟಾದ ಮೇಲೆ ಮೊನ್ನೆ ನಿಮ್ಮ ಆಮಂತ್ರಣ ಬಂದಿದೆ. ನಂಜನಗೂಡಿನಲ್ಲಿ ‘ಪರಿಸರ ಸ್ನೇಹಿ ಚಾಲಕ ಕುಟುಂಬ’ ಎಂದು ನಮ್ಮಿಬ್ಬರಿಗೂ ಸನ್ಮಾನವಂತೆ. ಚಾಲಕರು ಬೆಳಗಿನ ಟ್ರಿಪ್ ಮುಗಿಸಿಕೊಂಡು ಸಮವಸ್ತ್ರದಲ್ಲೇ ವೇದಿಕೆಗೆ ಬರಬೇಕಂತೆ, ಧರ್ಮಪತ್ನಿಯವರು ಸಕಾಲಕ್ಕೆ ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂರಬೇಕಂತೆ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಸ್ವಂತ ವಾಹನ ಬಳಸದೆ ಬಸ್ಸಿನಲ್ಲಿಯೇ ಬರುವುದು ಕಡ್ಡಾಯ’ ಎಂದಿದೆ. ಅದನ್ನು ಓದಿ ನಮ್ಮತ್ತೆಗೆ ಹೇಳಿದೆ. “ಅಂಗಾರೆ ಅವತ್ತು ಬಸ್ಸು ನಿಂತದಾ?” ಎಂದರು. ನಾನು ನಿಮ್ಮನ್ನು ಕೇಳುತ್ತಿರುವುದೂ ಅದನ್ನೇ.

ಆ ಬೆಳಿಗ್ಗೆ ನಾನು ನಿಮ್ಮ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುತ್ತೇನೆ. ಮದುವೆಯ ಸೀರೆ ಉಟ್ಟು, ತಲೆಗೆ ಹೂವು ಮುಡಿದು, ಹೊಂಗೆಮರದ ಕೆಳಗೆ ನಿಂತಿರುತ್ತೇನೆ. ಬೀದಿಯ ಹೆಂಗಸರೂ ಕೊಂಬೆಗೆ ಚೀಲ ನೇತುಹಾಕಿ ನನ್ನ ಜೊತೆ ನಿಂತಿರುತ್ತಾರೆ. ಎಮ್ಮೆ ಇರುವುದಿಲ್ಲ, ಸಣ್ಣತಾಯಮ್ಮನವರ ಕೊಟ್ಟಿಗೆಯಲ್ಲೇ ಕಟ್ಟಿರುತ್ತದೆ, ಬೇಕಾದರೆ ಯಾರನ್ನಾದರೂ ಕಳಿಸಿ ನೋಡಿಸಿಕೊಳ್ಳಿ. ಬಸ್ಸನ್ನು ನನ್ನ ಗಂಡನೇ ತರುತ್ತಾರೆ. ಅವರಿಗೆ ಈ ಪತ್ರದ ವಿಷಯ ಗೊತ್ತಿಲ್ಲ, ಇದಕ್ಕಾಗಿ ಅವರಿಗೆ ನೋಟಿಸು ಕಳಿಸಬೇಡಿ. ಬರೆದವಳು ನಾನು, ನಾನು ನಿಮ್ಮ ನೌಕರಳಲ್ಲ, ನನಗೆ ಕಳಿಸಿ. ಅಷ್ಟರೊಳಗೆ ಹೊಂಗೆಮರದ ನಿಲುಗಡೆಯನ್ನು ಮತ್ತೆ ಕೊಟ್ಟಿದ್ದರೆ ಅವರಿಗೆ ತಿಳಿಸಿ. ಒಂದು ದಿನದ ಮಟ್ಟಿಗೆ ಬೇಡ, ಸನ್ಮಾನದವಳಿಗೆಂದು ವಿನಾಯಿತಿ ಬೇಡ, ದಿನಾ ಬೇಕು, ಎಲ್ಲರಿಗೂ ಬೇಕು. ತಿಳಿಸಿದಿರೆಂದು ನಮಗೆ ನೀವು ಕಾಗದ ಬರೆಯುವ ಅಗತ್ಯವಿಲ್ಲ. ಸೇತುವೆಯ ಮೇಲೆ ಹಾರನ್ ಆಗುತ್ತದೆ, ನಾವು ತಿಳಿದುಕೊಳ್ಳುತ್ತೇವೆ.

ಹಾರನ್ ಆಗದಿದ್ದರೆ, ಮೈಕಿನಲ್ಲಿ ನನ್ನ ಹೆಸರು ಕೂಗಿಸಿ. ಅವರ ಪಕ್ಕದ ಕುರ್ಚಿ ಖಾಲಿಯಿರುತ್ತದೆ. ಎಲ್ಲಿ ನಿಮ್ಮ ಮನೆಯವರು ಅಂತ ಎಲ್ಲರ ಮುಂದೆ ಅವರನ್ನು ನೀವೇ ಕೇಳಿ. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

ಇಂತಿ,
ಬಸ್ಸಿನಲ್ಲಿಯೇ ಬರಬೇಕೆಂದು ಮರದಡಿ ನಿಂತಿರುವ,
ನಿಮ್ಮ ಮಾದರಿ ಚಾಲಕರ ಹೆಂಡತಿ
ರೋಜಾ
ಹೊಂಗೆಮರ (ಈ ಹೆಸರಿನ ನಿಲುಗಡೆ ಸದ್ಯಕ್ಕೆ ಇಲ್ಲ), ನಂಜನಗೂಡು – ತಿ. ನರಸೀಪುರ ರಸ್ತೆ